ರೊಟ್ಟಿ ತರುತ್ತೇನೆ ಎಂದು ಹೋದವನು

ಈ ಪುಸ್ತಕವನ್ನು ಮಗಳಿಗೆ ಓದಿ ಹೇಳಲೋ ಬೇಡವೋ ಅಂತ ಮೂರು ತಿಂಗಳು ಯೋಚಿಸಿದ್ದೇನೆ. ಅವಳಿಗೆ ಆರು ವರ್ಷ. ಪುಸ್ತಕದಲ್ಲಿರುವ ಹುಡುಗನಿಗೆ ಇನ್ನೂ ಮೂರು ದಾಟಿಲ್ಲ. ಅವನ ತಂಗಿ ಅವನಿಗಿಂತ ಚಿಕ್ಕವಳು. ಕತೆ ಮುಗಿಯುವ ಹೊತ್ತಿಗೆ ಇಬ್ಬರೂ ಕಾಡಿನಲ್ಲಿ ಸತ್ತಿರುತ್ತಾರೆ.

ಪುಸ್ತಕದ ಹೆಸರು ‘ದಿ ಬೇಬ್ಸ್ ಇನ್ ದ ವುಡ್’. ಕಾಡು ಪಾಲಾದ ಕಂದಮ್ಮಗಳು ಅನ್ನೋಣ. ಲಂಡನ್ನಿನ ರೂಟ್ಲೆಡ್ಜ್ ಪ್ರಕಾಶನ 1879ರಲ್ಲಿ ಹೊರತಂದದ್ದು. ಬೆಲೆ ಒಂದು ಶಿಲ್ಲಿಂಗ್. ಚಿತ್ರ ಬರೆದವನು ರಾಂಡಾಲ್ಫ್ ಕಾಲ್ಡೆಕಾಟ್. ಅವನ ಪುಸ್ತಕಗಳು ವರ್ಷಕ್ಕೆ ಎರಡರಂತೆ ಕ್ರಿಸ್‌ಮಸ್ ಹೊತ್ತಿಗೆ ಬರುತ್ತಿದ್ದವು. ಆ ವರ್ಷದ ಜೋಡಿಯಲ್ಲಿ ಒಂದು, ಹುಚ್ಚುನಾಯಿಯ ಬಗ್ಗೆ ಇರುವ ತಮಾಷೆಯ ಪದ್ಯ. ಇನ್ನೊಂದು ಇದು. ಹಬ್ಬದ ಉಡುಗೊರೆ ಅಂತ ಮಕ್ಕಳ ಕೈಗೆ ಇಂಥ ಕತೆ ಕೊಟ್ಟರಲ್ಲ ಅಂತ ಮೊದಲ ಸಲ ಓದಿದಾಗ ನನ್ನ ಎದೆ ಧಸಕ್ ಎಂದಿತ್ತು. ಈಗ ಹಾಗನ್ನಿಸುವುದಿಲ್ಲ. ಯಾಕೆ ಅನ್ನಿಸುವುದಿಲ್ಲ ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಕತೆ ಕಾಲ್ಡೆಕಾಟ್ ಕಟ್ಟಿದ್ದಲ್ಲ. ಅವನ ಕಾಲಕ್ಕೇ ಅದಕ್ಕೆ ಹತ್ತಿರ ಹತ್ತಿರ 300 ವರ್ಷ ವಯಸ್ಸಾಗಿತ್ತು. 1595ರಲ್ಲಿ ಥಾಮಸ್ ಮಿಲ್ಲಿಂಗ್ಟನ್ ಎಂಬ ಪ್ರಕಾಶಕ ಇದನ್ನು ತನ್ನ ಹೆಸರಿನಲ್ಲಿ ದಾಖಲು ಮಾಡಿಸಿದ. ಆಗ ಇದರ ತಲೆಬರಹ ನಾರ್ಫೋಕ್ ಸೀಮೆಯ ಒಬ್ಬ ದೊಡ್ಡಮನುಷ್ಯನ ಉಯಿಲು ಅಂತ. ಬೀದಿಯಲ್ಲಿ, ಸಂತೆಯಲ್ಲಿ ಹಾಡುತ್ತಾ ಮಾರುತ್ತಿದ್ದ ಒಂಟಿ ಹಾಳೆಯ ಲಾವಣಿಗಳ ಜಾತಿಗೆ ಸೇರಿದ್ದು ಇದು. ಜನ ಅಂಥ ಹಾಳೆ ಕೊಂಡು ಮನೆಯ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು. 1711ರಲ್ಲಿ ಜೋಸೆಫ್ ಅಡಿಸನ್ ಎಂಬ ಇಂಗ್ಲಿಷ್ ಪ್ರಬಂಧಕಾರ ಇದನ್ನು ಓದಿದ್ದೂ ಒಂದು ಹಳ್ಳಿಮನೆಯ ಗೋಡೆಯ ಮೇಲೇ. ಅವನು ಅದನ್ನು ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಮನಸಾರೆ ಹೊಗಳಿ ಬರೆದ. ಓದಿದವರು ನಗಬಹುದು ಅಂತ ಗೊತ್ತಿದ್ದೂ ಬರೆದ. ಅದಕ್ಕೇ ಅವನು ನನಗೆ ಇಷ್ಟ.

ಕತೆ ಹೀಗೆ. ನಾರ್ಫೋಕ್‌ನಲ್ಲಿ ಒಬ್ಬ ಸ್ಥಿತಿವಂತ. ಅವನಿಗೂ ಹೆಂಡತಿಗೂ ಒಟ್ಟಿಗೇ ಕಾಯಿಲೆ ಬರುತ್ತದೆ. ಇಬ್ಬರೂ ಉಳಿಯುವುದಿಲ್ಲ. ಮಗ ದೊಡ್ಡವನಾದ ಮೇಲೆ ಅವನಿಗೆ ವರ್ಷಕ್ಕೆ 300 ಪೌಂಡ್, ಮಗಳ ಮದುವೆಯ ದಿನ ಅವಳಿಗೆ 500 ಪೌಂಡ್ ಚಿನ್ನ ಅಂತ ಉಯಿಲು ಬರೆದಿಡುತ್ತಾನೆ. ಅಷ್ಟರೊಳಗೆ ಮಕ್ಕಳಿಗೆ ಏನಾದರೂ ಆದರೆ ಆಸ್ತಿಯೆಲ್ಲ ತನ್ನ ಒಡಹುಟ್ಟಿದವನಿಗೆ. ಮಕ್ಕಳನ್ನು ನೋಡಿಕೊಳ್ಳಬೇಕಾದವನೂ ಆ ಒಡಹುಟ್ಟಿದವನೇ. ಈ ಒಂದು ಸಾಲಿನಲ್ಲಿ ಮಕ್ಕಳ ಹಣೆಬರಹ ಬರೆದು ಮುಗಿದಿದೆ. ಬರೆದವನು ಪ್ರೀತಿಯಿಂದಲೇ ಬರೆದ.

ಇಲ್ಲಿ ಕನ್ನಡದಲ್ಲಿ ಹೇಳುವವರಿಗೆ ಒಂದು ತೊಡಕು ಬರುತ್ತದೆ. ಇಂಗ್ಲಿಷಿನಲ್ಲಿ ಅವನು ಬರೀ ಅಂಕಲ್. ಕನ್ನಡದಲ್ಲಿ ಅಷ್ಟಕ್ಕೇ ಬಿಡಲು ಆಗುವುದಿಲ್ಲ. ಚಿಕ್ಕಪ್ಪನೋ ದೊಡ್ಡಪ್ಪನೋ? ಲಾವಣಿ ಹೇಳುವುದಿಲ್ಲ. ಆ ಕಾಲದಲ್ಲಿ ಅಲ್ಲಿ ಜಮೀನು ಹಿರಿಯ ಮಗನಿಗೆ ಹೋಗುತ್ತಿತ್ತು. ಸತ್ತವನ ಹತ್ತಿರ ಆಸ್ತಿ ಇತ್ತು ಅಂದರೆ ಅವನೇ ಹಿರಿಯನಿರಬೇಕು. ಹಾಗಾಗಿ ನಾನು ಚಿಕ್ಕಪ್ಪ ಅಂತ ಇಟ್ಟುಕೊಂಡೆ. ಆ ಶಬ್ದ ಬಾಯಿಗೆ ಬಂದದ್ದೇ ಮೈ ಜುಮ್ ಎಂದಿತು. ಸಾಯುವ ಮನುಷ್ಯ ಲಾವಣಿಯಲ್ಲಿ ತಮ್ಮನಿಗೆ ಹೇಳುವ ಒಂದು ಮಾತಿದೆ: ಇನ್ನು ಮೇಲೆ ನೀನೇ ಅಪ್ಪ, ನೀನೇ ಅಮ್ಮ, ನೀನೇ ಚಿಕ್ಕಪ್ಪ. ನಮ್ಮ ಭಾಷೆಯಲ್ಲಿ ಆ ಮಾತು ಸಂಬಂಧದ ಹೆಸರಿನಲ್ಲೇ ಇದೆ. ಅವನನ್ನು ಕೂಗಿದಾಗಲೆಲ್ಲ ಮಕ್ಕಳು ‘ಅಪ್ಪ’ ಎಂದೇ ಕೂಗುತ್ತಾರೆ.

ಇದನ್ನು ಓದುವಾಗ ನನಗೆ ನಮ್ಮ ಗೋವಿನ ಹಾಡು ನೆನಪಾಗದೆ ಇರುವುದಿಲ್ಲ. ಪುಣ್ಯಕೋಟಿ ಹುಲಿಯ ಹತ್ತಿರ ಹೋಗುವ ಮೊದಲು ಉಳಿದ ಹಸುಗಳ ಮುಂದೆ ನಿಂತು ಕೇಳಿಕೊಳ್ಳುತ್ತದಲ್ಲ, ನನ್ನ ಕರು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಅಂತ. ಅಜ್ಜಿ ಅದನ್ನು ಹಾಡುವಾಗ ನಾನು ಅಳುತ್ತಿದ್ದದ್ದು ಹುಲಿಗೆ ಹೆದರಿ ಅಲ್ಲ. ಅಮ್ಮ ಇಲ್ಲದ ಕರುವನ್ನು ಬೇರೆ ಹಸುಗಳು ನಿಜವಾಗಿ ಹೇಗೆ ನೋಡಿಕೊಳ್ಳುತ್ತವೋ ಎಂಬ ಭಯಕ್ಕೆ. ನಮ್ಮ ಹಾಡಿನಲ್ಲಿ ಆ ಭಯ ನಿಜವಾಗುವುದಿಲ್ಲ. ಹುಲಿಯೇ ಪ್ರಾಣ ಬಿಡುತ್ತದೆ, ತಾಯಿ ಕರುವಿನ ಹತ್ತಿರ ವಾಪಸ್ ಬರುತ್ತದೆ. ನಾರ್ಫೋಕ್‌ನ ಹಾಡಿನಲ್ಲಿ ಅಮ್ಮನೂ ಇಲ್ಲ, ಅಪ್ಪನೂ ಇಲ್ಲ. ಅವರ ಕಡೆಯಿಂದ ಯಾರೂ ವಾಪಸ್ ಬರುವಂತಿಲ್ಲ.

ಚಿಕ್ಕಪ್ಪ ಒಂದು ವರ್ಷ ಒಂದು ದಿನ ಸುಮ್ಮನಿರುತ್ತಾನೆ. ಆಮೇಲೆ ಇಬ್ಬರು ಗಟ್ಟಿ ಆಳುಗಳನ್ನು ಗೊತ್ತುಮಾಡುತ್ತಾನೆ. ಲಂಡನ್ನಿನಲ್ಲಿ ಪರಿಚಯದವರ ಮನೆಯಲ್ಲಿ ಬೆಳೆಯಲಿ ಅಂತ ಕಳಿಸುತ್ತಿದ್ದೇನೆ ಎಂದು ಹೆಂಡತಿಗೆ ಸುಳ್ಳು ಹೇಳುತ್ತಾನೆ. ಮಕ್ಕಳಿಗೋ ಕುದುರೆ ಸವಾರಿಯ ಖುಷಿ. ತಮ್ಮನ್ನು ಕೊಲ್ಲಲು ಕರೆದುಕೊಂಡು ಹೋಗುತ್ತಿರುವವರ ಹತ್ತಿರವೇ ದಾರಿಯುದ್ದಕ್ಕೂ ಚಟಪಟ ಮಾತಾಡುತ್ತಾ ಹೋಗುತ್ತಾರೆ. ಆ ಮಾತು ಕೇಳಿಯೇ ಆ ಇಬ್ಬರಲ್ಲಿ ಒಬ್ಬನ ಮನಸ್ಸು ಕರಗುತ್ತದೆ. ಇನ್ನೊಬ್ಬ, ದುಡ್ಡು ತಗೊಂಡಿದ್ದೇವೆ, ಕೆಲಸ ಮುಗಿಸಲೇಬೇಕು ಅನ್ನುತ್ತಾನೆ. ಮಕ್ಕಳು ನಡುಗುತ್ತಾ ನಿಂತಿರುವಾಗಲೇ ಇಬ್ಬರೂ ಹೊಡೆದಾಡುತ್ತಾರೆ. ಮನಸ್ಸು ಕರಗಿದವನು ಇನ್ನೊಬ್ಬನನ್ನು ಕೊಲ್ಲುತ್ತಾನೆ.

ಇದಾದ ಮೇಲಿನ ಕೆಲವು ಸಾಲು ನನ್ನನ್ನು ಬಿಟ್ಟಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡ ಮಕ್ಕಳ ಕೈಯನ್ನು ಅವನು ಹಿಡಿಯುತ್ತಾನೆ. ಅಳಬೇಡಿ ಅನ್ನುತ್ತಾನೆ. ಎರಡು ಮೈಲಿ ನಡೆಸುತ್ತಾನೆ. ಮಕ್ಕಳು ಹಸಿವು ಅನ್ನುತ್ತವೆ. ಇಲ್ಲೇ ಇರಿ, ರೊಟ್ಟಿ ತರುತ್ತೇನೆ ಎಂದು ಹೋಗುತ್ತಾನೆ.

ಬರುವುದಿಲ್ಲ.

ಯಾಕೆ ಬರಲಿಲ್ಲ? ಅವನು ಕೆಟ್ಟವನಲ್ಲ. ಅವರಿಗೋಸ್ಕರ ಒಂದು ಕೊಲೆ ಮಾಡಿದ್ದಾನೆ. ಕೊಲೆ ಮಾಡುವಷ್ಟು ಪ್ರೀತಿ ಬಂತು, ರೊಟ್ಟಿ ತಂದುಕೊಡುವಷ್ಟು ಬರಲಿಲ್ಲ. ಹೆದರಿದನೋ, ಹೆಣ ನೋಡಿ ದಿಕ್ಕುಗೆಟ್ಟನೋ, ಮಕ್ಕಳ ಮುಖ ನೋಡಲಾರದೆ ಓಡಿಹೋದನೋ. ಮಕ್ಕಳನ್ನು ಸಾಯಲು ಬಿಡುವುದಕ್ಕೆ ಕ್ರೂರಿಯೇ ಆಗಬೇಕಿಲ್ಲ ಅಂತ ಈ ಹಾಡು ತಣ್ಣಗೆ ಹೇಳುತ್ತದೆ. ಅವರು ಕೈ ಕೈ ಹಿಡಿದು ಕಾಡಿನಲ್ಲಿ ಅತ್ತಿಂದಿತ್ತ ಓಡಾಡಿದರು, ಪೇಟೆ ಕಡೆಯಿಂದ ಆ ಮನುಷ್ಯ ಬರುವುದು ಮಾತ್ರ ಕಾಣಲೇ ಇಲ್ಲ ಎಂಬರ್ಥದ ಒಂದು ಚರಣ ಇದೆ. ಕವಿ ವರ್ಡ್ಸ್‌ವರ್ತ್ 1800ರಲ್ಲಿ ‘ಲಿರಿಕಲ್ ಬ್ಯಾಲಡ್ಸ್’ ಕವನ ಸಂಕಲನಕ್ಕೆ ಬರೆದ ಪ್ರಸಿದ್ಧ ಮುನ್ನುಡಿಯಲ್ಲಿ ಇದೇ ಚರಣವನ್ನು ಎತ್ತಿ ತೋರಿಸಿದ. ಇಷ್ಟು ಸಾದಾ ಮಾತಿನಲ್ಲಿ ನಿಜವಾದ ಕಾವ್ಯ ಇರುವುದು ಹೇಗೆ ಅಂತ ತೋರಿಸಲು ಅವನಿಗೆ ಬೇಕಾದದ್ದು ಈ ನಾಲ್ಕೇ ಸಾಲು.

ಈಗ ಕಾಲ್ಡೆಕಾಟ್‌ನ ಬಗ್ಗೆ. ಅವನು ಹುಟ್ಟಿದ್ದು 1846ರಲ್ಲಿ, ಚೆಸ್ಟರ್ ಊರಿನಲ್ಲಿ. ಹದಿನೈದನೇ ವಯಸ್ಸಿಗೇ ಬ್ಯಾಂಕ್ ಗುಮಾಸ್ತನಾದ. ಮೊದಲು ವಿಟ್‌ಚರ್ಚ್‌ನಲ್ಲಿ, ಆಮೇಲೆ ಮ್ಯಾಂಚೆಸ್ಟರ್‌ನಲ್ಲಿ. ಲೆಕ್ಕ ಬರೆಯುವ ಕೈ ಬಿಡುವು ಸಿಕ್ಕಾಗಲೆಲ್ಲ ಚಿತ್ರ ಬರೆಯುತ್ತಿತ್ತು. 1872ರಲ್ಲಿ ಕೆಲಸ ಬಿಟ್ಟು ಲಂಡನ್ ಸೇರಿದ. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಅವನ ಹೃದಯ ಜೀವನವಿಡೀ ದುರ್ಬಲವಾಗಿಯೇ ಇತ್ತು. 

ಅವನನ್ನು ಮಕ್ಕಳ ಪುಸ್ತಕಕ್ಕೆ ಎಳೆದು ತಂದವನು ಎಡ್ಮಂಡ್ ಇವಾನ್ಸ್ ಎಂಬ ಮುದ್ರಕ. ಈ ಇವಾನ್ಸ್‌ನ ಬಗ್ಗೆಯೇ ಬೇರೊಂದು ಬರಹ ಬರೆಯಬೇಕು, ಅಷ್ಟು ದೊಡ್ಡ ಕೆಲಸಗಾರ. ಆಗ ಮಕ್ಕಳ ಅಗ್ಗದ ಪುಸ್ತಕ ಅಂದರೆ ಕಣ್ಣಿಗೆ ರಾಚುವ ಬಣ್ಣ, ಒರಟು ಅಚ್ಚು. ಅಗ್ಗದ ಬೆಲೆಯಲ್ಲೇ ಒಳ್ಳೆಯದನ್ನು ಕೊಡಲು ಆಗುತ್ತದೆ ಅಂತ ಇವಾನ್ಸ್ ನಂಬಿದ್ದ. ಕಾಲ್ಡೆಕಾಟ್ ಬರೆದ ಗೆರೆಚಿತ್ರದ ಫೋಟೋವನ್ನು ಮರದ ಅಚ್ಚಿನ ಮೇಲೆ ಇಳಿಸುವುದು. ಕೆತ್ತನೆಗಾರರು ಅದನ್ನು ಗೆರೆ ಗೆರೆಯಾಗಿ ಕೆತ್ತುವುದು. ಆ ಅಚ್ಚಿನಿಂದ ಕಂದು ಶಾಯಿಯಲ್ಲಿ ಒಂದು ಪ್ರತಿ ತೆಗೆದು ಕಾಲ್ಡೆಕಾಟ್‌ಗೆ ಕಳಿಸುವುದು. ಅವನು ಅದರ ಮೇಲೆ ಬಣ್ಣ ಹಚ್ಚಿ ವಾಪಸ್ ಕೊಡುವುದು. ಆಮೇಲೆ ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚು ಕೆತ್ತಿ, ಒಂದರ ಮೇಲೊಂದು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಒತ್ತುವುದು. ಒಂದು ಶಿಲ್ಲಿಂಗ್‌ನ ಪುಸ್ತಕಕ್ಕೆ ಇಷ್ಟು ಕೈಗಳ ದುಡಿಮೆ. 1878ರಲ್ಲಿ ಬಂದ ಮೊದಲ ಜೋಡಿ ಪುಸ್ತಕಗಳು ಕೂಡಲೇ ಖರ್ಚಾದವು. 1885ರವರೆಗೆ ಒಟ್ಟು 16 ಬಂದವು.

ಈ ಪುಸ್ತಕದಲ್ಲಿ ಪುಟದ ತುಂಬ ಬಣ್ಣದ ಚಿತ್ರಗಳು ಕೆಲವೇ. ಉಳಿದದ್ದೆಲ್ಲ ಕಂದು ಗೆರೆಚಿತ್ರ. ಕತೆಯ ಒಂದು ಚರಣಕ್ಕೆ, ಕೆಲವು ಕಡೆ ಎರಡೇ ಸಾಲಿಗೆ ಒಂದು ಚಿತ್ರ. ಹಾಗಾಗಿ ಪುಟ ತಿರುವುವುದೇ ಒಂದು ಹೆಜ್ಜೆ ಇಟ್ಟಂತೆ ಆಗುತ್ತದೆ. ಕಾಯಿಲೆ ಬಿದ್ದವರ ಮಂಚದ ಚಿತ್ರ ನೋಡುವಾಗ ನನಗೆ ಅದನ್ನು ಬರೆದವನ ಹೃದಯ ನೆನಪಾಗುತ್ತದೆ. ಕಾಯಿಲೆ ಅಂದರೆ ಏನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಡಿನ ಚಿತ್ರಗಳಲ್ಲಿ ಮರ ದೊಡ್ಡದು, ಮಕ್ಕಳು ಪುಟ್ಟವು. ಆದರೆ ಆ ಕಾಡಿಗೆ ಕೋರೆಹಲ್ಲು ಬರೆದಿಲ್ಲ ಅವನು. ಮರಗಳಿಗೆ ಭೂತದ ಮುಖ ಇಟ್ಟಿಲ್ಲ. ಬೇರೆ ಯಾರಾದರೂ ಇಟ್ಟೇ ಇಡುತ್ತಿದ್ದರು ಅಂತ ನನಗನ್ನಿಸುತ್ತದೆ. ಇವನ ಕಾಡು ಸುಮ್ನೆ ಕಾಡು. ಅದಕ್ಕೆ ಮಕ್ಕಳ ಮೇಲೆ ಯಾವ ಸಿಟ್ಟೂ ಇಲ್ಲ.

ಗೆರೆ ಕಡಿಮೆಯಾದಷ್ಟೂ ತಪ್ಪು ಕಡಿಮೆ ಎಂಬುದು ಅವನ ನಂಬಿಕೆಯಾಗಿತ್ತು ಅಂತ ಅವನ ಸ್ನೇಹಿತ ಹೆನ್ರಿ ಬ್ಲ್ಯಾಕ್‌ಬರ್ನ್ ಬರೆದಿದ್ದಾನೆ. ಏನನ್ನು ಬಿಡಬೇಕು ಎಂಬುದನ್ನು ಕಾಲ್ಡೆಕಾಟ್ ಒಂದು ವಿದ್ಯೆಯಂತೆ ಕಲಿತಿದ್ದನಂತೆ. ಮಾರಿಸ್ ಸೆಂಡಾಕ್‌ನಂಥ ದೊಡ್ಡ ಚಿತ್ರಗಾರ, ಇಂದಿನ ಚಿತ್ರಪುಸ್ತಕ ಶುರುವಾಗುವುದೇ ಕಾಲ್ಡೆಕಾಟ್‌ನಿಂದ ಅಂದದ್ದು ಸುಮ್ಮನೆ ಅಲ್ಲ. ಅಮೆರಿಕದ ಗ್ರಂಥಾಲಯ ಸಂಘ ಒಳ್ಳೆಯ ಚಿತ್ರಪುಸ್ತಕಕ್ಕೆ 1938ರಿಂದ ಕೊಡುತ್ತಾ ಬಂದಿರುವ ಪದಕಕ್ಕೂ ಇವನದೇ ಹೆಸರು.

ಆದರೆ ಅವನು ಬಿಟ್ಟದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಗೆರೆ ಅಲ್ಲ. ಕತೆಯ ಕೊನೆ.

ಹಳೆಯ ಲಾವಣಿ ಮಕ್ಕಳ ಸಾವಿಗೆ ನಿಲ್ಲುವುದಿಲ್ಲ. ಆಮೇಲೆ ಚಿಕ್ಕಪ್ಪನ ಸರದಿ. ದೇವರ ಶಾಪ ತಟ್ಟುತ್ತದೆ. ಕಣಜ ಸುಟ್ಟುಹೋಗುತ್ತದೆ. ಹೊಲ ಬಂಜರಾಗುತ್ತದೆ. ದನಗಳು ಸಾಯುತ್ತವೆ. ಅವನ ಇಬ್ಬರು ಗಂಡುಮಕ್ಕಳು ಪೋರ್ಚುಗಲ್‌ಗೆ ಹೋಗುವ ಸಮುದ್ರಯಾನದಲ್ಲಿ ತೀರಿಕೊಳ್ಳುತ್ತಾರೆ. ಏಳು ವರ್ಷದೊಳಗೆ ಜಮೀನೆಲ್ಲ ಅಡವಿಟ್ಟು, ಕೊನೆಗೆ ಜೈಲಿನಲ್ಲಿ ಸಾಯುತ್ತಾನೆ. ರೊಟ್ಟಿ ತರುತ್ತೇನೆ ಅಂದವನು ಬೇರೆ ಯಾವುದೋ ದರೋಡೆಗೆ ಸಿಕ್ಕಿಬಿದ್ದು, ಎಲ್ಲವನ್ನೂ ಒಪ್ಪಿಕೊಂಡು ಮರಣದಂಡನೆಗೆ ಗುರಿಯಾಗುತ್ತಾನೆ. ತಬ್ಬಲಿ ಮಕ್ಕಳ ಹೊಣೆ ಹೊತ್ತವರೇ, ಎಚ್ಚರ ಅಂತ ಹೇಳಿ ಹಾಡು ಮುಗಿಯುತ್ತದೆ.

ಕಾಲ್ಡೆಕಾಟ್‌ನ ಪುಸ್ತಕದಲ್ಲಿ ಇದ್ಯಾವುದೂ ಇಲ್ಲ. ಮಕ್ಕಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಸಾಯುತ್ತಾರೆ. ಯಾರೂ ಮಣ್ಣು ಮಾಡುವುದಿಲ್ಲ. ಎದೆ ಕೆಂಪಗಿರುವ ಪುಟ್ಟ ರಾಬಿನ್ ಹಕ್ಕಿ ಎಲೆ ತಂದು ಹೊದಿಸುತ್ತದೆ. ಪುಸ್ತಕ ಮುಗಿಯಿತು.

ಇಲ್ಲಿ ನಾನು ತುಂಬ ಹೊತ್ತು ತಡೆದೆ. ಶಿಕ್ಷೆಯನ್ನು ಬಿಟ್ಟದ್ದು ಮಕ್ಕಳ ಮೇಲಿನ ಕರುಣೆಯೋ, ಇನ್ನಷ್ಟು ಕಷ್ಟ ಕೊಟ್ಟದ್ದೋ? ಕೆಟ್ಟವನಿಗೆ ತಕ್ಕ ಶಾಸ್ತಿ ಆಯಿತು ಅಂದರೆ ಓದುವವರ ಎದೆ ಹಗುರವಾಗುತ್ತದೆ. ನ್ಯಾಯ ಸಿಕ್ಕಿತು, ಸರಿ, ಪುಸ್ತಕ ಮುಚ್ಚು. ಆದರೆ ಆಗ ನಾವು ಕೊನೆಯಲ್ಲಿ ಯೋಚಿಸುವುದು ಚಿಕ್ಕಪ್ಪನ ಬಗ್ಗೆ. ಅವನ ಕಣಜ, ಅವನ ದನ, ಅವನ ಜೈಲು. ಮಕ್ಕಳು ಕಾಡಿನಲ್ಲೇ ಉಳಿದುಬಿಡುತ್ತಾರೆ. ಕಾಲ್ಡೆಕಾಟ್ ಚಿಕ್ಕಪ್ಪನ ಹಿಂದೆ ಹೋಗಲಿಲ್ಲ. ಅವನು ಮಕ್ಕಳ ಜೊತೆ ಇದ್ದ. ಕೊನೆಯ ಎಲೆ ಬೀಳುವವರೆಗೂ ಇದ್ದ. ನನಗೆ ಅದು ಸರಿ ಅನ್ನಿಸುತ್ತದೆ. ಸತ್ತ ಮಗುವಿನ ಪಕ್ಕದಿಂದ ಎದ್ದು ಬೇರೆಯವರ ಲೆಕ್ಕ ಚುಕ್ತಾ ಮಾಡಲು ಓಡುವುದು ದುಃಖ ಅಲ್ಲ.

ಆ ಕಾಲದ ಇಂಗ್ಲೆಂಡಿನ ಮಕ್ಕಳಿಗೆ ಸಾವು ಹೊಸ ಸುದ್ದಿಯೂ ಆಗಿರಲಿಲ್ಲ. 1870ರ ದಶಕದಲ್ಲಿ ಅಲ್ಲಿ ಹುಟ್ಟಿದ 1,000 ಮಕ್ಕಳಲ್ಲಿ ಸುಮಾರು 150 ಮಕ್ಕಳು ವರ್ಷ ತುಂಬುವುದರೊಳಗೇ ಹೋಗುತ್ತಿದ್ದರು. ಒಡಹುಟ್ಟಿದ ಒಂದು ಮಗುವನ್ನು ಕಳೆದುಕೊಂಡ ಮಕ್ಕಳು ಬೀದಿಗೊಬ್ಬರಾದರೂ ಇದ್ದಿರಬೇಕು. ಅವರ ಕೈಗೆ ಈ ಪುಸ್ತಕ ಬಂದಾಗ ಅವರು ಕಂಡದ್ದು ಭಯಾನಕ ಕತೆಯನ್ನಲ್ಲ. ತಮ್ಮ ಮನೆಯಲ್ಲೇ ನಡೆದು, ಯಾರೂ ಬಾಯಿಬಿಟ್ಟು ಹೇಳದೆ ಇದ್ದದ್ದನ್ನು ಅಂತ ನನ್ನ ಅನಿಸಿಕೆ. ಇದೇ ಕತೆಯನ್ನು ಅದೇ ಕಾಲದಲ್ಲಿ ನಾಟಕದ ರಂಗಕ್ಕೂ ತಂದರು. ಕ್ರಿಸ್‌ಮಸ್ ಹೊತ್ತಿನ ಆ ಆಟಗಳಲ್ಲಿ ಕ್ರಮೇಣ ರಾಬಿನ್ ಹುಡ್ ಬಂದು ಮಕ್ಕಳನ್ನು ಉಳಿಸತೊಡಗಿದ. ಇವತ್ತಿಗೂ ಅಲ್ಲಿ ಹಾಗೇ ಆಡುತ್ತಾರೆ. ಮಕ್ಕಳು ನಕ್ಕು ಮನೆಗೆ ಹೋಗುತ್ತಾರೆ. ನಗಲಿ, ತಪ್ಪಿಲ್ಲ. ಆದರೆ ಅದು ಬೇರೆ ಕತೆ.

ಇದೇ ಆ ಕಾಡು ಅಂತ ಜನ ನಂಬುವ ಕಾಡು ಈಗಲೂ ಇದೆ. ನಾರ್ಫೋಕ್‌ನ ವಾಟ್ಟನ್ ಊರಿನ ಹತ್ತಿರ, ವೇಲ್ಯಾಂಡ್ ವುಡ್ ಅಂತ. ನಾರ್ಫೋಕ್ ವೈಲ್ಡ್‌ಲೈಫ್ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತಿದೆ. ವಸಂತದಲ್ಲಿ ನೆಲದ ತುಂಬ ನೀಲಿ ಹೂ. ಜನ ಅದನ್ನು ಅಳುವ ಕಾಡು ಅಂತಲೂ ಕರೆಯುತ್ತಾರೆ. ರಾತ್ರಿ ಮಕ್ಕಳ ದನಿ ಕೇಳುತ್ತದೆ ಅಂತ ಮಾತು. ಇಂಗ್ಲಿಷಿನಲ್ಲಿ ‘ವೇಲ್’ ಅಂದರೆ ಗೋಳಾಡು. ಆದರೆ ವೇಲ್ಯಾಂಡ್ ಎಂಬ ಹೆಸರು ಬಂದದ್ದು ಬೇರೆ ಯಾವುದೋ ಹಳೇ ಶಬ್ದದಿಂದ, ಅಳುವಿಗೂ ಅದಕ್ಕೂ ಸಂಬಂಧ ಇಲ್ಲ. ಆದರೂ ಜನಕ್ಕೆ ಹಾಗೆ ಕೇಳಿಸಿತು. ಪಕ್ಕದ ಗ್ರಿಸ್ಟನ್ ಹಳ್ಳಿಯಲ್ಲಿ ಚಿಕ್ಕಪ್ಪನದು ಎಂಬ ಮನೆಯನ್ನೂ ತೋರಿಸುತ್ತಾರೆ. ಮಕ್ಕಳು ಇದರ ಕೆಳಗೇ ಸತ್ತದ್ದು ಅಂತ ಜನ ತೋರಿಸುತ್ತಿದ್ದ ಒಂದು ದೊಡ್ಡ ಓಕ್ ಮರ ಇತ್ತು. ಅದಕ್ಕೆ ಸಿಡಿಲು ಬಡಿದದ್ದು 1879ರಲ್ಲಿ. ಕಾಲ್ಡೆಕಾಟ್‌ನ ಪುಸ್ತಕ ಬಂದ ವರ್ಷ. ಇದಕ್ಕೆ ಅರ್ಥ ಹುಡುಕಬಾರದು ಅಂತ ಗೊತ್ತು. ಆದರೆ ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಕಾಲ್ಡೆಕಾಟ್ ಮಾರನೇ ವರ್ಷ, 1880ರಲ್ಲಿ, ಮದುವೆಯಾದ. ಮಕ್ಕಳಾಗಲಿಲ್ಲ. ಆರೋಗ್ಯಕ್ಕೆ ಬೆಚ್ಚಗಿನ ಹವೆ ಬೇಕು ಅಂತ ಅಮೆರಿಕಕ್ಕೆ ಹೋದ. 1886ರ ಫೆಬ್ರವರಿಯಲ್ಲಿ ಫ್ಲೋರಿಡಾದ ಸೇಂಟ್ ಅಗಸ್ಟೀನ್‌ನಲ್ಲಿ ತೀರಿಕೊಂಡ. ವಯಸ್ಸು 39. ಸಮಾಧಿಯೂ ಅಲ್ಲೇ ಇದೆ.

ಹೋದ ತಿಂಗಳು ಒಂದು ಭಾನುವಾರ, ಜೋರು ಮಳೆ, ಕರೆಂಟು ಹೋಗಿತ್ತು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಟ್ಯಾಬ್‌ನಲ್ಲಿ ಪುಸ್ತಕ ತೆರೆದೆ. ಚಿತ್ರ ತೋರಿಸುತ್ತಾ ಕನ್ನಡದಲ್ಲಿ ಹೇಳುತ್ತಾ ಹೋದೆ. ಅವಳು ಎಲ್ಲಿ ಅಳುತ್ತಾಳೋ ಅಂತ ನನ್ನ ಕಣ್ಣು ಅವಳ ಮುಖದ ಮೇಲೇ ಇತ್ತು. ಅಪ್ಪ ಅಮ್ಮ ಸತ್ತರು, ಅಳಲಿಲ್ಲ. ಹೊಡೆದಾಟ ಆಯಿತು, ಕಣ್ಣರಳಿಸಿ ನೋಡಿದಳು. ಆ ಮನುಷ್ಯ ರೊಟ್ಟಿ ತರಲು ಹೋದ. ಅಲ್ಲಿಂದ ಅವಳು ಮಕ್ಕಳನ್ನು ನೋಡುವುದನ್ನೇ ಬಿಟ್ಟಳು. ಪ್ರತಿ ಚಿತ್ರದಲ್ಲೂ ಮರಗಳ ಸಂದಿಯಲ್ಲಿ ಹುಡುಕತೊಡಗಿದಳು.

“ಏನು ನೋಡ್ತಿದ್ದೀಯ ಪುಟ್ಟಿ?”

“ಮಾಮ ಬರ್ತಿದ್ದಾನಾ ಅಂತ.”

ಮಕ್ಕಳ ಪುಟ್ಟ ತುಟಿಗೆಲ್ಲ ಕಾಡುಹಣ್ಣಿನ ಬಣ್ಣ ಮೆತ್ತಿಕೊಂಡಿತ್ತು, ಕತ್ತಲಾಯಿತು, ಇಬ್ಬರೂ ಕೂತು ಅತ್ತರು ಅಂತ ಓದಿದೆ. ಅವಳು ಇನ್ನೂ ಮರಗಳನ್ನೇ ನೋಡುತ್ತಿದ್ದಳು. ಕೊನೆಯ ಪುಟಕ್ಕೆ ಬಂದಾಗ ಅವಳಿಗೆ ಗೊತ್ತಾಯಿತು. “ಬರಲೇ ಇಲ್ವಾ?” ಅಂದಳು. ಇಲ್ಲ ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಆಗ ಅತ್ತಳು. ಜೋರಾಗಿ ಅಲ್ಲ. ನನ್ನ ಸೆರಗು ಹಿಡಿದುಕೊಂಡು, ಸ್ವಲ್ಪ ಹೊತ್ತು. ನಾನೂ ಅತ್ತೆ.

ಆಮೇಲೆ ಅವಳೇ ಕೊನೆಯ ಪುಟ ಇನ್ನೊಮ್ಮೆ ಓದು ಅಂದಳು. ಆ ಸಾಲಿನಲ್ಲಿ ನಾನು ಮೊದಲೇ ಎಡವಿದ್ದೆ. ರಾಬಿನ್ ಎಲೆ ಹೊದಿಸಿದ್ದು ‘ಪೇನ್‌ಫುಲಿ’ ಅಂತ ಇದೆ. ಇಂದಿನ ಇಂಗ್ಲಿಷಿನಲ್ಲಿ ನೋವಿನಿಂದ ಅಂತ ಅರ್ಥ. ಹಳೇ ಇಂಗ್ಲಿಷಿನಲ್ಲಿ ಶ್ರಮ ತಗೊಂಡು, ಮುತುವರ್ಜಿಯಿಂದ ಅಂತ. ಎರಡನ್ನೂ ಹೇಳುವ ಒಂದು ಶಬ್ದಕ್ಕಾಗಿ ತಡಕಾಡಿ, ಬೇರೇನೂ ಹೊಳೆಯದೆ, “ಹಕ್ಕಿ ಕಷ್ಟಪಟ್ಟು ಎಲೆ ಹೊದಿಸಿತು” ಅಂದುಬಿಟ್ಟಿದ್ದೆ. ಈಗಲೂ ಹಾಗೇ ಓದಿದೆ.

ಅವಳು ಪರದೆಯ ಮೇಲೆ ಬೆರಳಿಟ್ಟು ಹಕ್ಕಿಯನ್ನು ಮುಟ್ಟಿದಳು. ಆಮೇಲೆ ಎಲೆಯನ್ನು.

“ಎಲೆ ದೊಡ್ಡದಿದೆ, ಅಲ್ವಾ ಅಮ್ಮ. ಹಕ್ಕಿ ಎಷ್ಟು ಸಲ ಹೋಗಿ ಬಂದಿರಬೇಕು.”